ಏನ್ ಬೇಕಿತ್ತು?

ಬೆಂಗಳೂರಿಗೆ ಬಂದ ಎರಡನೇ ವರ್ಷ. ಅವೆನ್ಯೂ ರಸ್ತೆಯ ಒಳಗಿನ ಓಣಿಯೊಂದರಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಶಾಲೆಯ ಪ್ರಶ್ನೆಪತ್ರಿಕೆ, ತಿಥಿ ಕಾರ್ಡು. ಭಾನುವಾರ ರಜೆ. ರೂಮಿನಲ್ಲಿ ಕೂತರೆ ಊರಿನ ನೆನಪು ಜಾಸ್ತಿಯಾಗುತ್ತಿತ್ತು. ಅದಕ್ಕೇ ಬೆಳಿಗ್ಗೆ ಇಡ್ಲಿ ತಿಂದು ಸುಮ್ನೆ ನಡೆಯಲು ಶುರು ಮಾಡುತ್ತಿದ್ದೆ. ಹಾಗೆ ನಡೆಯುತ್ತಾ ಒಂದು ಸಲ ಒಂದು ಆರ್ಟ್ ಗ್ಯಾಲರಿಯ ಮುಂದೆ ನಿಂತೆ. ಹೆಸರು ಬೇಡ. ಗಾಜಿನ ಬಾಗಿಲು. ಅದರಾಚೆ ಗೋಡೆ ತುಂಬುವಷ್ಟು ದೊಡ್ಡ ಚಿತ್ರ. ಎಲ್ಲಾ ನೀಲಿ, ಆ ನೀಲಿಯ ಎಡಗಡೆ ಮೂಲೆಯಲ್ಲಿ ಬೆನ್ನು ಹಾಕಿ ಕೂತ ಒಬ್ಬ ಹೆಂಗಸು. ಬಲಗಡೆ ಏನಿದೆ ಅಂತ ಕಾಣುತ್ತಿರಲಿಲ್ಲ, ಬಾಗಿಲಿನ ಚೌಕಟ್ಟು ಅಡ್ಡ ಬರುತ್ತಿತ್ತು. ಆಕೆ ಯಾರನ್ನೋ ನೋಡುತ್ತಾ ಕೂತಿದ್ದಾಳೆ ಅನ್ನಿಸಿತು. ಯಾರನ್ನು ಅಂತ ನೋಡಬೇಕಿತ್ತು. ಮೆಟ್ಟಿಲು ಹತ್ತಿದೆ.

ಕುರ್ಚಿಯಲ್ಲಿದ್ದ ಸೆಕ್ಯೂರಿಟಿಯವರು ಎದ್ದು ನಿಂತರು. "ಏನ್ ಬೇಕಿತ್ತು?" ಅಂದರು.

ಗದರಿಸಲಿಲ್ಲ. ಒರಟಾಗಿಯೂ ಕೇಳಲಿಲ್ಲ. ನನ್ನ ಹಾಗೆಯೇ ಯಾವುದೋ ಊರಿನಿಂದ ಬಂದವರು, ಅವರ ಕೆಲಸ ಅವರು ಮಾಡಿದರು. "ಏನಿಲ್ಲ, ನೋಡೋಣ ಅಂತ" ಅಂದೆ. ಅವರು ನನ್ನ ಚಪ್ಪಲಿ ನೋಡಿದರು, ಆಮೇಲೆ ಒಳಗೆ ತಿರುಗಿ ನೋಡಿದರು. ಒಳಗೆ ಯಾರೋ ತಲೆ ಅಲ್ಲಾಡಿಸಿರಬೇಕು. "ಇವತ್ತು ಆಗಲ್ಲ" ಅಂದರು. ನಾನು ಇಳಿದು ಬಂದೆ.

ಇಪ್ಪತ್ತು ವರ್ಷದ ಮೇಲಾಯಿತು. ಆ ಚಿತ್ರದ ಬಲಭಾಗ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಚಿತ್ರಕ್ಕಿಂತ ಆ ಪ್ರಶ್ನೆ. ಏನ್ ಬೇಕಿತ್ತು? ಈ ಊರಿನಲ್ಲಿ ಯಾವ ಬಾಗಿಲಿಗೆ ಹೋದರೂ ಮೊದಲು ಬರುವುದು ಅದೇ. ಅಪಾರ್ಟ್‌ಮೆಂಟಿನ ಗೇಟು, ಬ್ಯಾಂಕು, ಆಫೀಸಿನ ಲಾಬಿ. ಹೋಟೆಲಿನಲ್ಲಿ ಕಾಫಿ ಮುಗಿದ ಮೇಲೆ ಎರಡು ನಿಮಿಷ ಕೂತರೂ ಮಾಣಿ ಬಂದು ಅದನ್ನೇ ಕೇಳುತ್ತಾನೆ, ಬೇರೆ ಏನ್ ಬೇಕು ಅಂತ. ಪಾರ್ಕುಗಳಿಗೂ ಮಧ್ಯಾಹ್ನ ಬೀಗ ಹಾಕುತ್ತಿದ್ದ ಊರು ಇದು. ಒಂದು ಜಾಗದಲ್ಲಿ ನಿಲ್ಲಬೇಕಾದರೆ ನಿನಗೆ ಏನಾದರೂ ಬೇಕಿರಬೇಕು, ಅದು ಅವರ ಹತ್ತಿರ ಇರಬೇಕು, ನಿನ್ನ ಹತ್ತಿರ ಅದಕ್ಕೆ ತಕ್ಕ ದುಡ್ಡಿರಬೇಕು. ನೋಡಬೇಕು ಅಂತ ಬಂದವನಿಗೆ ಎಲ್ಲಿ ಜಾಗ? ಇದನ್ನು ನಾನು ತುಂಬಾ ದಿನ ಯೋಚಿಸಿದ್ದೇನೆ. ನನಗೆ ಉತ್ತರ ಸಿಕ್ಕಿದ್ದು ಶಾಂತಿನಗರದಲ್ಲಿ, ಒಂದು ಬಾದಾಮಿ ಮರದ ಕೆಳಗೆ.

ಮರದ ಸುತ್ತ ಕಟ್ಟಿದ ಮನೆ

ನಾವು ಡಿಟಿಪಿ ಮಾಡುತ್ತಿದ್ದ ಅಂಗಡಿಗೆ ಒಬ್ಬ ಹುಡುಗಿ ಬಂದಳು. ತನ್ನ ಪ್ರದರ್ಶನದ ಆಹ್ವಾನ ಪತ್ರಿಕೆ ಮಾಡಿಸಬೇಕಿತ್ತು. ಬಜೆಟ್ ಕಮ್ಮಿ, ಒಂದೇ ಬಣ್ಣ, ಪೋಸ್ಟ್‌ಕಾರ್ಡ್ ಅಳತೆ. ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕು ಅಂತ ನಾವಿಬ್ಬರೂ ಒಂದು ಗಂಟೆ ಕೂತು ನೋಡಿದೆವು. ಮದುವೆ ಕಾರ್ಡಿಗೆ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ. ಹೊರಡುವಾಗ "ನೀವೂ ಬನ್ನಿ" ಅಂದಳು. ವಿಳಾಸ ನಾನೇ ಟೈಪ್ ಮಾಡಿದ್ದೆನಲ್ಲ, ನಂಬರ್ ಒಂದು, ಶಾಂತಿ ರಸ್ತೆ, ಶಾಂತಿನಗರ.

ಬೆಂಗಳೂರಿನ ಕಲೆಯ ಜೊತೆ ಒಡನಾಟ ಇರುವವರಿಗೆ ಈ ಜಾಗವನ್ನು ಪರಿಚಯ ಮಾಡಿಸಬೇಕಿಲ್ಲ. ಎಲ್ಲರೂ 'ಒನ್ ಶಾಂತಿ ರೋಡ್' ಅಂತಲೇ ಕರೆಯುತ್ತಾರೆ. ಕಲಾ ಇತಿಹಾಸ ಬಲ್ಲ, ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಪಾಠ ಮಾಡಿದ್ದ ಸುರೇಶ್ ಜಯರಾಂ 2003ರಲ್ಲಿ ಶುರು ಮಾಡಿದ್ದು. ಅವರು ಇರುವುದೂ ಅಲ್ಲೇ. ವಿನ್ಯಾಸ ಮಾಡಿದವರು ಮೀತಾ ಜೈನ್. ಜಾಗದಲ್ಲಿ ಒಂದು ಬಾದಾಮಿ ಮರ ಇತ್ತು, ಅದನ್ನು ಕಡಿಯದೆ ಅದರ ಸುತ್ತಲೇ ಮನೆ ಎದ್ದಿತು. ಗ್ಯಾಲರಿ ಇದೆ, ಹೊರಗಿನಿಂದ ಬರುವ ಕಲಾವಿದರು ಕೆಲವು ವಾರ, ಕೆಲವು ತಿಂಗಳು ಉಳಿದು ಕೆಲಸ ಮಾಡಲು ಕೋಣೆಗಳಿವೆ, ಅಡುಗೆಮನೆ ಇದೆ. ನಡೆಸುವುದು ವಿಶುವಲ್ ಆರ್ಟ್ ಕಲೆಕ್ಟಿವ್ ಅನ್ನುವ, ಲಾಭಕ್ಕಾಗಿ ಅಲ್ಲದ ಟ್ರಸ್ಟ್. ಇಷ್ಟು ಸಾಕು.

ನಾನು ಮೊದಲ ಸಲ ಹೋದ ದಿನ ಡಬಲ್ ರೋಡಿನ ಗದ್ದಲ ದಾಟಿ ಒಳಗೆ ತಿರುಗಿದಾಗ ಸಂಜೆ ಆರೂವರೆ. ಗೇಟಿನ ಹತ್ತಿರ ನಿಂತೆ. ಯಾರಾದರೂ ಎದ್ದು ಬರುತ್ತಾರೆ, ಏನ್ ಬೇಕಿತ್ತು ಅಂತಾರೆ, ಆಗ ಆಹ್ವಾನ ಪತ್ರಿಕೆ ತೋರಿಸೋಣ ಅಂತ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಯಾರೂ ಬರಲಿಲ್ಲ. ನಾಲ್ಕೈದು ಜನ ಮರದ ಕೆಳಗೆ ನಿಂತು ಮಾತಾಡುತ್ತಿದ್ದರು. ಒಬ್ಬರು ಸ್ವಲ್ಪ ಸರಿದು ದಾರಿ ಬಿಟ್ಟರು, ಅಷ್ಟೆ. ಒಳಗೆ ಹೋದೆ. ನೋಡಿದೆ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಮತ್ತೊಂದು ಸುತ್ತು ನೋಡಿದೆ. ಅಡುಗೆಮನೆಯ ಕಡೆಯಿಂದ ಬಂದ ಯಾರೋ ಒಬ್ಬರು, ಅವರ ಹೆಸರು ಇವತ್ತಿಗೂ ಗೊತ್ತಿಲ್ಲ, "ಟೀ ಕುಡೀತೀರಾ?" ಅಂದರು.

ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ದೂರ! ಆ ಟೀ ಗ್ಲಾಸು ಹಿಡಿದು ನಾನು ಅವತ್ತು ರಾತ್ರಿ ಒಂಬತ್ತರವರೆಗೆ ಅಲ್ಲೇ ಇದ್ದೆ. ಯಾರ ಜೊತೆಯೂ ಜಾಸ್ತಿ ಮಾತಾಡಲಿಲ್ಲ. ಯಾರೂ ಮಾತಾಡಿಸಲೇಬೇಕು ಅಂತಲೂ ಹಟ ಮಾಡಲಿಲ್ಲ. ಹೊಸ ಊರಿನಲ್ಲಿ ಸುಮ್ಮನೆ ಇರಲು ಬಿಡುವ ಜಾಗ ಸಿಕ್ಕವರಿಗೆ ಗೊತ್ತಿರುತ್ತದೆ ಅದರ ಸುಖ.

ಬಾದಾಮಿ ಮರದ ಎಲೆ ಉದುರುವ ಮುಂಚೆ ಕೆಂಪಾಗುತ್ತದೆ. ಅಂಗೈಗಿಂತ ದೊಡ್ಡ ಎಲೆ. ಹೊರಡುವಾಗ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಬಂದೆ.

ಮಾರುವ ಹಾಗಿಲ್ಲದ್ದು

ನಾನು ಮಾರಾಟದ ಗ್ಯಾಲರಿಗಳ ವಿರೋಧಿ ಅಲ್ಲ. ಕಲಾವಿದರೂ ಬಾಡಿಗೆ ಕಟ್ಟಬೇಕು, ಮಕ್ಕಳ ಫೀಸು ಕೊಡಬೇಕು. ಚಿತ್ರ ಮಾರಾಟ ಆಗಬೇಕು, ಒಳ್ಳೆಯ ಬೆಲೆಗೆ ಆಗಬೇಕು. ಅದಕ್ಕೆ ಗೊತ್ತಿರುವವರು ಬೇಕು. ಅವರು ಮಾರಿದ ಬೆಲೆಯಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಇಟ್ಟುಕೊಳ್ಳುತ್ತಾರೆ. ಅವರ ಬಾಡಿಗೆ, ಕರೆಂಟು, ಸಂಬಳ ಎಲ್ಲಾ ಅದರಲ್ಲೇ ಬರಬೇಕು. ತಪ್ಪಿಲ್ಲ. ಚಿತ್ರಸಂತೆಯೂ ನನಗೆ ಇಷ್ಟ. ಜನವರಿಯಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳಾಗುತ್ತದೆ. ಬಾಗಲಕೋಟೆಯಿಂದ, ಕೇರಳದಿಂದ, ಬಂಗಾಳದಿಂದ ಬಂದವರು ಫುಟ್‌ಪಾತಿನಲ್ಲಿ ಕೂತಿರುತ್ತಾರೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು ನೋಡುತ್ತಾ ಹೋಗುತ್ತಾರೆ. ಅಲ್ಲಿ ನೂರು ರೂಪಾಯಿಗೂ ಏನಾದರೂ ಸಿಗುತ್ತದೆ.

ಆದರೆ ಸಂತೆಯಲ್ಲಿ ಮಾರಾಟವಾಗುವುದೇ ಇರಬೇಕು. ಅಲ್ಲಿ ಗಣಪತಿ ಇರುತ್ತಾನೆ, ಕುದುರೆ ಇರುತ್ತದೆ, ಮಳೆಯಲ್ಲಿ ಕೊಡೆ ಹಿಡಿದ ಹುಡುಗಿ ಇರುತ್ತಾಳೆ. ಹತ್ತು ಮಂದಿ ದಾಟಿ ಹೋದ ಮೇಲೂ ಯಾರೂ ಬೆಲೆ ಕೇಳದಿದ್ದರೆ ಕಲಾವಿದ ಮುಂದಿನ ವರ್ಷ ಬೇರೆಯದನ್ನು ತರುತ್ತಾನೆ. ಮನೆಯ ಸೋಫಾ ಮೇಲಿನ ಗೋಡೆಗೆ ಹೊಂದದ್ದು ಎಲ್ಲಿಗೆ ಹೋಗಬೇಕು? ಕತ್ತಲಲ್ಲಿ ಕೂತು ಕೇಳಬೇಕಾದ ಒಂದು ಧ್ವನಿ? ನೆಲದ ಮೇಲೆ ಹರಡಿದ ಮಣ್ಣು? ಮೂರು ಗಂಟೆ ಒಂದೇ ಜಾಗದಲ್ಲಿ ಕೂತು ರಾಗಿ ಬೀಸುವ ಒಬ್ಬ ಹೆಂಗಸು? ಇವುಗಳಲ್ಲಿ ಕೆಲವು ನಿಜವಾಗಿ ಚೆನ್ನಾಗಿರುವುದಿಲ್ಲ. ನಾನು ಎಷ್ಟೋ ಸಲ ಬೇಜಾರಾಗಿ ಹತ್ತು ನಿಮಿಷಕ್ಕೆ ಎದ್ದು ಬಂದಿದ್ದೇನೆ. ಆದರೆ ಅದು ಚೆನ್ನಾಗಿಲ್ಲ ಅಂತ ಗೊತ್ತಾಗಬೇಕಾದರೂ ಯಾರೋ ಅದನ್ನು ಮಾಡಬೇಕಲ್ವಾ? ಮಾಡಿ, ನಾಲ್ಕು ಜನರ ಮುಂದೆ ಇಟ್ಟು, ಅವರ ಮುಖ ನೋಡಬೇಕು. ನಮ್ಮಪ್ಪ ಟೈಲರ್. ಹೊಸ ಮಾದರಿಯ ಕಾಲರ್ ಕಲಿಯುವಾಗ ಮೊದಲು ಹಳೇ ಪಂಚೆಯ ಮೇಲೆ ಕತ್ತರಿಸಿ ನೋಡುತ್ತಿದ್ದರು. ಗಿರಾಕಿಯ ಬಟ್ಟೆಯ ಮೇಲೆ ಅಲ್ಲ. ಲಾಭದ ಲೆಕ್ಕವಿಲ್ಲದ ಗ್ಯಾಲರಿ ಊರಿನ ಪಾಲಿಗೆ ಆ ಹಳೇ ಪಂಚೆ.

ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಇದೇ ಬೆಂಗಳೂರಿನಲ್ಲಿದ್ದುಕೊಂಡು ಸಗಣಿಯಲ್ಲಿ, ಕುಂಕುಮದಲ್ಲಿ, ಕೂದಲಿನಲ್ಲಿ, ಬಡಿದು ತಟ್ಟಿದ ಡಾಂಬರು ಡ್ರಮ್ಮುಗಳಲ್ಲಿ ಕೆಲಸ ಮಾಡಿದರು. ಅವರು ಮೊದಲು ಕಲಿತದ್ದು ಆರ್. ಎಂ. ಹಡಪದ್ ಮೇಷ್ಟ್ರ ಕೆನ್ ಕಲಾ ಶಾಲೆಯಲ್ಲಿ. ಫೀಸು ಕಟ್ಟಲಾಗದ ಹುಡುಗರಿಗೂ ಮೇಷ್ಟ್ರು ಕಲಿಸುತ್ತಿದ್ದರು ಅನ್ನುವುದನ್ನು ಅಲ್ಲಿ ಓದಿದವರು ಇವತ್ತಿಗೂ ಹೇಳುತ್ತಾರೆ. ಸಗಣಿಯನ್ನು ಕಲೆ ಅಂತ ಯಾರು ಕೊಳ್ಳುತ್ತಿದ್ದರು 90ರ ದಶಕದಲ್ಲಿ? 2009ರ ಹೊತ್ತಿಗೆ ಅವರ ಕೆಲಸ ಇಟಲಿಯಲ್ಲಿ ನಡೆಯುವ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನ ವೆನಿಸ್ ಬಿನಾಲೆಯಲ್ಲಿತ್ತು. ಇದನ್ನು ಹೇಳುವುದು ಕೊನೆಗೆ ಎಲ್ಲಾ ಬೆಲೆ ಬಾಳುತ್ತದೆ ಅಂತ ತೋರಿಸಲು ಅಲ್ಲ. ಬೆಲೆ ಬರುವ ಮುಂಚೆ ಎಷ್ಟೋ ವರ್ಷ ಇರುತ್ತದಲ್ಲ, ಆಗ ಆ ಕೆಲಸಕ್ಕೂ ಕಲಾವಿದರಿಗೂ ಎಲ್ಲೋ ಒಂದು ಸೂರು ಬೇಕು.

ಇನ್ನೊಬ್ಬ ಕಲಾವಿದೆ ಪುಷ್ಪಮಾಲಾ ಎನ್. ಒಂದು ಸಂಸ್ಥೆ ಕಲ್ಪಿಸಿಕೊಂಡರು. ನಿಜವಾಗಿ ಇಲ್ಲದ ಸಂಸ್ಥೆ. ಅದಕ್ಕೆ ಇಟ್ಟ ಹೆಸರು ಸೋಂಬೇರಿಕಟ್ಟೆ. ಆ ಹೆಸರು ಕೇಳಿದಾಗ ನನಗೆ ಅರಸೀಕೆರೆಯ ನಮ್ಮ ಬೀದಿಯ ಕೊನೆಯ ಅರಳಿಕಟ್ಟೆ ಕಣ್ಣ ಮುಂದೆ ಬಂತು. ಕೆಲಸವಿಲ್ಲದವರು, ಕೆಲಸ ಮುಗಿಸಿದವರು, ಮನೆಯಲ್ಲಿ ಜಗಳ ಮಾಡಿಕೊಂಡು ಬಂದವರು ಎಲ್ಲಾ ಅಲ್ಲೇ ಕೂರುತ್ತಿದ್ದರು. ಬೈಗುಳದ ಹಾಗೆ ಇರುವ ಹೆಸರು, ಆದರೆ ಊರಿನ ಅರ್ಧ ಯೋಚನೆ ಹುಟ್ಟುತ್ತಿದ್ದದ್ದು ಆ ಕಟ್ಟೆಯ ಮೇಲೆ. ಬಾದಾಮಿ ಮರದ ಕೆಳಗೆ ಸ್ಲೈಡ್ ತೋರಿಸಿ ಮಾತಾಡುವವರನ್ನು, ಕೇಳುತ್ತಾ ನೆಲದ ಮೇಲೆ ಕೂತವರನ್ನು ನೋಡುವಾಗೆಲ್ಲ ನನಗೆ ಆ ಕಟ್ಟೆ ನೆನಪಾಗುತ್ತದೆ.

ಅಪ್ಪ ಬಂದ ದಿನ

ಇದನ್ನು ಬರೆಯಬೇಕು ಅಂತಲೇ ಇಷ್ಟೆಲ್ಲಾ ಶುರು ಮಾಡಿದ್ದು.

ಅಪ್ಪ ಕಣ್ಣಿನ ಆಪರೇಷನ್ನಿಗೆ ಬೆಂಗಳೂರಿಗೆ ಬಂದಿದ್ದರು. ಆಪರೇಷನ್ ಆಗಿ ಮೂರು ವಾರ ಕಳೆದಿತ್ತು. ಹೊಸ ಕಣ್ಣು ಬಂದ ಹಾಗೆ ಎಲ್ಲವನ್ನೂ ನೋಡುತ್ತಿದ್ದರು. ಬಸ್ಸಿನ ಬೋರ್ಡು, ಹೂವಿನ ಅಂಗಡಿ, ಎದುರು ಮನೆಯ ಗಿಲೀಟು ಗೇಟು. ನೀಲಿ ಬಣ್ಣ ಇಷ್ಟು ನೀಲಿ ಇರುತ್ತೆ ಅಂತ ಮರೆತೇ ಹೋಗಿತ್ತು ಅಂದರು. ಆ ಶನಿವಾರ ಶಾಂತಿ ರಸ್ತೆಯಲ್ಲಿ ಒಬ್ಬ ಹುಡುಗನ ಪ್ರದರ್ಶನವಿತ್ತು. ಕಲಬುರಗಿ ಕಡೆಯವನು. ಬರುತ್ತೀರಾ ಅಂದೆ. ಚಿತ್ರ ನೋಡೋಕೆ ಟಿಕೆಟ್ ಎಷ್ಟು ಅಂದರು. ಟಿಕೆಟ್ ಇಲ್ಲ ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಹುಡುಗ ಖಾಲಿ ಸಿಮೆಂಟ್ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು, ಸೂರಿನಿಂದ ನೆಲದವರೆಗೂ ಇಳಿಬಿಟ್ಟಿದ್ದ. ದೊಡ್ಡ ಪರದೆಯ ಹಾಗೆ. ಅಲ್ಲಲ್ಲಿ ಕಂಪನಿಯ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ಒಳಗೆ ದೀಪ ಇಟ್ಟಿದ್ದರಿಂದ ಚೀಲದ ನೇಯ್ಗೆಯ ಸಂದುಗಳಿಂದ ಬೆಳಕು ಬರುತ್ತಿತ್ತು. ಅವನ ಅಪ್ಪ ಅಮ್ಮ ಇದೇ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಾಗ ಅವನು ಮಲಗುತ್ತಿದ್ದ ಶೆಡ್ಡಿನ ಗೋಡೆ ಹೀಗೇ ಇತ್ತಂತೆ. ಇಂಗ್ಲಿಷಿನಲ್ಲಿ ಅರ್ಧ ಪುಟದ ಬರಹ ಗೋಡೆಗೆ ಅಂಟಿಸಿದ್ದರು. ಅಪ್ಪ ಅದನ್ನು ಓದಲಿಲ್ಲ. ನೇರವಾಗಿ ಪರದೆಯ ಹತ್ತಿರ ಹೋದರು. ಕನ್ನಡಕ ಸರಿ ಮಾಡಿಕೊಂಡರು. ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದರು.

ನನಗೆ ಎದೆ ಧಸಕ್ ಅಂದಿತು. ಮುಟ್ಟಬಾರದು ಅಂತ ಹೇಳಬೇಕು ಅಂತ ಹೋದೆ. ಅಷ್ಟರಲ್ಲಿ ಆ ಹುಡುಗನೇ ಅಪ್ಪನ ಪಕ್ಕ ಬಂದು ನಿಂತಿದ್ದ.

"ಇದನ್ನ ಯಾರ್ ಹೊಲ್ದಿದ್ದು?" ಅಂದರು ಅಪ್ಪ.

"ನಾನೇ ರಿ."

"ಸೂಜಿ ಯಾವ್ದು?"

ಹುಡುಗ ತನ್ನ ಚೀಲದಿಂದ ಸಾಮಾನ್ಯ ಸೂಜಿ ತೆಗೆದು ತೋರಿಸಿದ. ಅವನ ಬೆರಳ ತುದಿಗಳು ಪೂರ್ತಿ ಗಾಯವಾಗಿದ್ದವು. ಅಪ್ಪ ಅವನ ಕೈಯನ್ನು ತಿರುಗಿಸಿ ನೋಡಿದರು. "ಮೂಟೆ ಹೊಲಿಯೋಕೆ ದಬ್ಬಣ ಬೇಕಪ್ಪ. ಇದ್ರಲ್ಲಿ ಹೊಲಿದ್ರೆ ಕೈ ಇರುತ್ತಾ?" ಅಂದರು. ಆಮೇಲೆ ಒಂದು ಜಾಗ ತೋರಿಸಿ, ಇಲ್ಲಿ ಗಂಟು ಹಾಕಿದ್ದು ಸರಿಯಿಲ್ಲ, ಭಾರ ಎಲ್ಲಾ ಈ ಒಂದೇ ಎಳೆಯ ಮೇಲೆ ಬಿದ್ದಿದೆ, ನಾಲ್ಕು ದಿನಕ್ಕೆ ಹರಿಯುತ್ತೆ ಅಂದರು. ಹುಡುಗ ದಾರ ತಂದ. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತರು. ಅಪ್ಪ ಹಿಂದಕ್ಕೆ ಬಂದು ಮುಂದಕ್ಕೆ ಹೋಗುವ ಹೊಲಿಗೆ ತೋರಿಸಿದರು. ಹುಡುಗ ಕಲಿತ. ಬಂದವರೆಲ್ಲ ಅವರಿಬ್ಬರನ್ನು ಸುತ್ತಿಕೊಂಡು ನೋಡುತ್ತಿದ್ದರು. ಯಾರೋ ಟೀ ತಂದು ಪಕ್ಕದಲ್ಲಿಟ್ಟರು.

ಸುಮಾರು ಒಂದು ಗಂಟೆ ಆಗಿರಬೇಕು. ಎದ್ದ ಮೇಲೆ ಅಪ್ಪ ಮತ್ತೆ ಪರದೆಯನ್ನು ನೋಡಿದರು, ಈ ಸಲ ದೂರದಿಂದ. ದೀಪದ ಬೆಳಕು ಸಂದುಗಳಿಂದ ಅವರ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು. "ಇವರಮ್ಮ ಇದ್ರೊಳಗೇ ಅಡುಗೆ ಮಾಡ್ತಿದ್ರಾ?" ಅಂದರು ನನ್ನನ್ನು. ಹೌದು ಅಂದೆ. ಬಸ್ಸಿನಲ್ಲಿ ಮನೆ ತಲುಪುವವರೆಗೂ ಅವರು ಮಾತಾಡಲಿಲ್ಲ.

ಗೋಡೆಯ ಮೇಲಿನ ಅರ್ಧ ಪುಟ ಹೇಳಲು ಹೊರಟಿದ್ದು ಅದೇ. ಅಪ್ಪ ಹೊಲಿಗೆಯ ದಾರಿಯಲ್ಲಿ ಅಲ್ಲಿಗೆ ಮುಟ್ಟಿದರು. ನಾನು ಯೋಚಿಸುವುದು ಇಷ್ಟೇ. ಗಾಜಿನ ಬಾಗಿಲಿನ ಆ ಗ್ಯಾಲರಿಗೆ ಅಪ್ಪನನ್ನು ಕರೆದುಕೊಂಡು ಹೋಗಿದ್ದರೆ ಮೆಟ್ಟಿಲಿನ ಹತ್ತಿರ ಏನು ಆಗುತ್ತಿತ್ತು? ಏನ್ ಬೇಕಿತ್ತು ಅಂತ ಕೇಳಿದ್ದರೆ ಅಪ್ಪ ಏನು ಹೇಳುತ್ತಿದ್ದರು? ಅವರಿಗೆ ಏನೂ ಬೇಕಿರಲಿಲ್ಲ. ಕೊಡಲಿಕ್ಕೆ ಇತ್ತು, ಅದು ಆಗ ಅವರಿಗೂ ಗೊತ್ತಿರಲಿಲ್ಲ.

ಊರಿಗೆ ಹೊರಡುವ ದಿನ ಶೀಲಾ ಗೌಡರ ಒಂದು ಕೆಲಸದ ಬಗ್ಗೆ ಅವರಿಗೆ ಹೇಳಿದೆ. ನೂರಾರು ಅಡಿ ದಾರವನ್ನು ಸೂಜಿಯ ಕಣ್ಣಿನಲ್ಲಿ ಪೂರ್ತಿ ಎಳೆದು, ಅಂಥ ಎಳೆಗಳನ್ನು ಕುಂಕುಮ, ಅಂಟು ಸವರಿ ಹಗ್ಗ ಮಾಡಿ, ತುದಿಯಲ್ಲಿ ಸೂಜಿಗಳ ಗೊಂಚಲು ಬಿಟ್ಟಿದ್ದಾರೆ ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟು ದಾರ ಸೂಜೀಲಿ ಎಳ್ಯೋದು ಅಂದ್ರೆ ಭುಜ ಬಿದ್ದೋಗುತ್ತೆ. ಆಯಮ್ಮಂಗೆ ಗೊತ್ತು" ಅಂದರು. ಕಲಾ ವಿಮರ್ಶೆ ಸಾಕಷ್ಟು ಓದಿದ್ದೇನೆ. ಇದಕ್ಕಿಂತ ಹತ್ತಿರ ಹೋದ ಮಾತು ಕೇಳಿಲ್ಲ.

ಒಬ್ಬರ ಮನೆಯ ಮೇಲೆ ನಿಂತಿರುವುದು

ಇಷ್ಟೆಲ್ಲಾ ಪ್ರೀತಿಯಿಂದ ಹೇಳಿದ ಮೇಲೆ ಎರಡು ಕಳವಳಗಳನ್ನೂ ಹೇಳಬೇಕು.

ಒಂದು ಭಾಷೆಯದ್ದು. ನಮ್ಮ ಊರಿನ ಇಂಥ ಜಾಗಗಳಲ್ಲಿ ಬಾಗಿಲು ತೆರೆದಿರುತ್ತದೆ, ಗೋಡೆಯ ಬರಹ ಮಾತ್ರ ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ. ಮಾತುಕತೆಯೂ ಹಾಗೇ. ದೇಶ ದೇಶದ ಕಲಾವಿದರು ಬರುವಾಗ ಇಂಗ್ಲಿಷ್ ಬೇಕು, ಒಪ್ಪುತ್ತೇನೆ. ಆದರೆ ಅದರ ಪಕ್ಕದಲ್ಲಿ ಅರ್ಧ ಪುಟ ಕನ್ನಡ ಇದ್ದರೆ ಬರುವವರೇ ಬೇರೆಯಾಗುತ್ತಾರೆ. ಕನ್ನಡದಲ್ಲಿ ಸಮಕಾಲೀನ ಕಲೆಯ ಬಗ್ಗೆ ಬರೆಯಲು ಆಗುವುದಿಲ್ಲ ಅನ್ನುವವರು ರವಿಕುಮಾರ್ ಕಾಶಿಯವರ ಬರಹ ಓದಬೇಕು. ಅವರು ಸ್ವತಃ ಕಲಾವಿದರು, ಕಲೆಯ ಬಗ್ಗೆ ತಿಳಿಯಾದ ಕನ್ನಡದಲ್ಲಿ ಬರೆಯುತ್ತಾರೆ. ನನ್ನಂಥ ಡಿಟಿಪಿಯವರು ಈ ಊರಿನಲ್ಲಿ ಬೇಕಾದಷ್ಟು ಇದ್ದಾರೆ. ಅರ್ಧ ಪುಟ ಟೈಪ್ ಮಾಡಿಕೊಡಲು ನಾನು ಯಾವತ್ತೂ ದುಡ್ಡು ಕೇಳುವುದಿಲ್ಲ.

ಎರಡನೆಯದು ದೊಡ್ಡದು. ಒಂದು ಊರಿಗೆ ಬೇಕಾದ ಇಂಥ ಜಾಗ ಒಬ್ಬರ ಮನೆಯ ಮೇಲೆ, ಒಬ್ಬರ ಪ್ರೀತಿಯ ಮೇಲೆ ನಿಂತಿದೆ. 2009ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಲಾವಿದರು ಕೈಯಿಂದ ದುಡ್ಡು ಹಾಕಿ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ 'ಸಮೂಹ' ಅಂತ ಒಂದು ಜಾಗ ನಡೆಸಿದರು. ಸರದಿಯ ಮೇಲೆ ಒಬ್ಬೊಬ್ಬರಿಗೆ ಕೆಲವು ದಿನ. ಆ ದಿನಗಳಲ್ಲಿ ಅವರು ಏನು ಬೇಕಾದರೂ ಮಾಡಬಹುದು. ಒಂದು ವರ್ಷದ ಚೂರು ಮೇಲೆ ನಡೆಯಿತು. ಮೊದಲೇ ಅಷ್ಟು ದಿನ ಅಂತ ಲೆಕ್ಕ ಹಾಕಿ ಶುರು ಮಾಡಿದ್ದು, ಲೆಕ್ಕದ ಹಾಗೆ ಮುಗಿಯಿತು. ಅದೂ ಚೆನ್ನ. ಆದರೆ ಆ ರಸ್ತೆಯಲ್ಲಿ ಬೈಕಿನ ಬಿಡಿಭಾಗ ಕೊಳ್ಳಲು ಬಂದವರು ಹಾಗೇ ಒಳಗೆ ಇಣುಕುವ ಇನ್ನೊಂದು ಜಾಗ ಆಮೇಲೆ ನನಗಂತೂ ಕಾಣಲಿಲ್ಲ.

ಸರ್ಕಾರದ್ದೇ ಒಂದು ಇದೆ, ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ. ಅದರ ಹಾಲ್‌ಗಳನ್ನು ಕಮ್ಮಿ ಬಾಡಿಗೆಗೆ ಹಿಡಿದು ಮೊದಲ ಪ್ರದರ್ಶನ ಮಾಡದ ಬೆಂಗಳೂರಿನ ಕಲಾವಿದರು ಕಡಿಮೆ. ಅದನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಯೋಜನೆ ಬಂದಾಗ, 2016ರಲ್ಲಿ, ಕಲಾವಿದರು ಬೀದಿಗೆ ಬಂದರು. ಹಿರಿಯರು, ಕಾಲೇಜಿನ ಹುಡುಗರು ಎಲ್ಲಾ ಸೇರಿದರು. ಕಟ್ಟಡಕ್ಕೆ ರಿಪೇರಿ ಬೇಕಿತ್ತು ನಿಜ, ಹೊಸ ಮ್ಯೂಸಿಯಂ ಬಂದರೆ ಸಂತೋಷವೇ. ಆದರೆ ಯಾರು ಬೇಕಾದರೂ ಅರ್ಜಿ ಹಾಕಿ ಒಂದು ವಾರ ಹಿಡಿಯಬಹುದಾದ ಗೋಡೆ ಅದು. ಆ ಗೋಡೆಯೂ ಆರಿಸಿದವರಿಗೆ ಮಾತ್ರ ಅಂತಾದರೆ? ಭಯ ಅದಾಗಿತ್ತು. ಕೊನೆಗೆ ಆ ಯೋಜನೆ ನಿಂತಿತು. ಕಸ್ತೂರ್ಬಾ ರಸ್ತೆಯಲ್ಲೇ 2023ರಲ್ಲಿ ಒಂದು ದೊಡ್ಡ ಖಾಸಗಿ ಮ್ಯೂಸಿಯಂ ಬೇರೆಯಾಗಿ ತೆರೆಯಿತು. ಈಗ ಎರಡೂ ಇವೆ. ಹಾಗೇ ಇರಬೇಕಿತ್ತು ಅಂತ ನನ್ನ ಅನಿಸಿಕೆ.

ಒಂದು ಲೆಕ್ಕ ಹೇಳುತ್ತೇನೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಇದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಆ ದುಡ್ಡು ಪೂರ್ತಿ ಲೈಬ್ರರಿಗೆ ತಲುಪುತ್ತದೆಯೇ ಅನ್ನುವ ಜಗಳ ಬೇರೆ. ಆದರೆ ಯಾರೋ ಒಬ್ಬರು ಒಂದು ಕಾಲದಲ್ಲಿ ಕೂತು ಯೋಚಿಸಿದ್ದಾರೆ, ಪುಸ್ತಕ ಕೊಳ್ಳಲಾಗದವನೂ ಓದಬೇಕು, ಅದಕ್ಕೆ ಊರಿನವರೆಲ್ಲ ಸ್ವಲ್ಪ ಸ್ವಲ್ಪ ಕೊಡಬೇಕು ಅಂತ. ನಾನು ಹೈಸ್ಕೂಲಿನಲ್ಲಿ ಬದುಕಿದ್ದೇ ಆ ಯೋಚನೆಯಿಂದ. ಅರಸೀಕೆರೆಯ ಲೈಬ್ರರಿಯಲ್ಲಿ ಯಾರೂ ನನ್ನನ್ನು ಏನ್ ಬೇಕಿತ್ತು ಅಂತ ಕೇಳಲಿಲ್ಲ. ಚಿತ್ರ ಕೊಳ್ಳಲಾಗದವನೂ ಚಿತ್ರ ನೋಡಬೇಕು ಅಂತ ಯಾರೂ ಕಾನೂನು ಬರೆಯಲಿಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟು ಸಮಾಜದ ಕೆಲಸಕ್ಕೆ ಕೊಡಬೇಕು ಅನ್ನುತ್ತದೆ. ಆ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ ಇದೆ. ಆದರೆ ಅಲ್ಲಿ ಎದ್ದು ಕಾಣುವುದು ಪರಂಪರೆಯ ರಕ್ಷಣೆ, ಹಳೆಯ ಕಟ್ಟಡ, ಸಾಂಪ್ರದಾಯಿಕ ಕಲೆ, ಕರಕುಶಲ. ಕಲಬುರಗಿಯ ಹುಡುಗನ ಸಿಮೆಂಟ್ ಚೀಲವನ್ನು ಯಾವ ಸಾಲಿನಲ್ಲಿ ಬರೆಯುವುದು? ಹಾಗಾಗಿ ಇಂಥ ಜಾಗಗಳು ವಿದೇಶಿ ಸಾಂಸ್ಕೃತಿಕ ಸಂಸ್ಥೆಗಳ ನೆರವು, ಅಲ್ಲೊಂದು ಇಲ್ಲೊಂದು ಅನುದಾನ, ಗೆಳೆಯರ ಕೈಗಡ, ತಮ್ಮದೇ ಉಳಿತಾಯ ಇವುಗಳ ನಡುವೆ ತಿಂಗಳು ತಳ್ಳುತ್ತವೆ. ಜರ್ಮನಿಯ ಸಾಂಸ್ಕೃತಿಕ ಸಂಸ್ಥೆ ಗೋಥೆ ಇನ್‌ಸ್ಟಿಟ್ಯೂಟ್ ಅಲ್ಲಿನ ಕಲಾವಿದರನ್ನು ಬೆಂಗಳೂರಿನ ಇಂಥ ಮನೆಗಳಿಗೆ ಕಳಿಸುತ್ತದೆ. ಬರ್ಲಿನ್ನಿನ ತೆರಿಗೆದಾರರು ನಮ್ಮ ಶಾಂತಿನಗರದ ಒಂದು ಕೋಣೆಯ ಬೆಲೆ ಅರಿತಿದ್ದಾರೆ. ನಾವೂ ಅರಿಯಬೇಕು. ಪ್ರತಿ ವಾರ್ಡಿಗೂ ಬೇಡ, ಊರಿಗೆ ಹತ್ತು ಇರಲಿ. ಯಶವಂತಪುರದಲ್ಲಿ ಒಂದು, ಪೀಣ್ಯದಲ್ಲಿ ಒಂದು, ಕೆ.ಆರ್. ಪುರದಲ್ಲಿ ಒಂದು. ಖಾಲಿ ಬಿದ್ದ ಪಾಲಿಕೆಯ ಕಟ್ಟಡಗಳು ಎಷ್ಟಿಲ್ಲ? ಒಂದು ಹಾಲು, ಒಂದು ಗ್ಯಾಸ್ ಒಲೆ, ಬಾಗಿಲು ತೆರೆಯಲು ಒಬ್ಬರು.

ದಬ್ಬಣ

ಅಪ್ಪ ಊರಿಗೆ ಹೋಗಿ ಹತ್ತು ದಿನಕ್ಕೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದರು. ಮೆಜೆಸ್ಟಿಕ್‌ಗೆ ಹೋಗಿ ಇಸಿದುಕೊಂಡೆ. ಹಳೇ ಪಂಚೆಯ ತುಂಡು, ಅದರೊಳಗೆ ಮೂರು ದಬ್ಬಣ. ಒಂದು ಸಣ್ಣದು, ಒಂದು ಮಧ್ಯಮ, ಒಂದು ತುದಿ ಬಾಗಿದ್ದು. ಮೂರಕ್ಕೂ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿದ್ದರು. ಜೊತೆಗೆ ಒಂದು ಉಂಡೆ ಮೇಣ ಬಳಿದ ದಾರ. ಚೀಟಿ ಇರಲಿಲ್ಲ.

ಶಾಂತಿ ರಸ್ತೆಗೆ ಹೋದಾಗ ಪ್ರದರ್ಶನ ಮುಗಿದಿತ್ತು. ಪರದೆ ಇಳಿಸಿ ಮಡಿಸಿ ಮೂಲೆಯಲ್ಲಿಟ್ಟಿದ್ದರು. ಹುಡುಗ ಇರಲಿಲ್ಲ, ಊರಿಗೆ ಹೋಗಿದ್ದಾನೆ, ಮುಂದಿನ ವಾರ ಬರುತ್ತಾನೆ ಅಂದರು. ಪೊಟ್ಟಣವನ್ನು ಅಡುಗೆಮನೆಯಲ್ಲಿದ್ದವರ ಕೈಗೆ ಕೊಟ್ಟೆ. ಅವರು ಪಂಚೆಯ ತುಂಡು ಬಿಚ್ಚಿ ನೋಡಿ, "ನಿಮ್ಮ ಟೈಲರ್ ತಂದೆಯವರು ಕಳ್ಸಿದ್ದಾ?" ಅಂದರು. ಹೌದು ಅಂದೆ. ಅವರು ಅದನ್ನು ಮತ್ತೆ ಹಾಗೇ ಸುತ್ತಿ, ಸಕ್ಕರೆ ಡಬ್ಬಿಯ ಪಕ್ಕ, ಕೈಗೆ ಸಿಗುವ ಜಾಗದಲ್ಲಿ ಇಟ್ಟರು. ಅಂಗಳದಲ್ಲಿ ಎಲೆ ಉದುರಿ ನೆಲವೆಲ್ಲಾ ಕೆಂಪಾಗಿತ್ತು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. "ಕೂತ್ಕೊಳ್ಳಿ, ಆಗೇ ಹೋಯ್ತು" ಅಂದರು.